ಮಣಿಕಟ್ಟಿನ ತರ್ಕಸಂಗ್ರಹ

ಶಾಸ್ತ್ರ ಯಾವುದೇ ಇರಲಿ, ಅನುಬಂಧ ಚತುಷ್ಟಯ ಹೇಳದೆ ಒಳಗೆ ಕಾಲಿಡುವಂತಿಲ್ಲ. ಇಲ್ಲಿ ವಿಷಯ, ಮಣಿಕಟ್ಟಿಗೆ ಕಟ್ಟುವ ಸೆನ್ಸರು. ಪ್ರಯೋಜನ, ಆರೋಗ್ಯ. ಸಂಬಂಧ, ಬ್ಲೂಟೂತು. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹರು ಯಾರೆಂದರೆ: ಮಗನೋ ಮಗಳೋ ಡಲ್ಲಾಸಿನಿಂದ ಸ್ಮಾರ್ಟ್‌ವಾಚ್ ತಂದು ಕಟ್ಟಿ, "ಅಮ್ಮಾ, ದಿನಾ ಹತ್ತು ಸಾವಿರ ಹೆಜ್ಜೆ, ತಪ್ಪಿಸಬೇಡ" ಎಂದು ಅಪ್ಪಣೆ ಕೊಟ್ಟು ವಿಮಾನ ಹತ್ತಿದ ಮೇಲೆ ಜಯನಗರದಲ್ಲಿ ಉಳಿದುಕೊಂಡ ತಂದೆತಾಯಿ.

ಮೊದಲು ಪ್ರಮಾಣ ವಿಚಾರ. ಗಡಿಯಾರ ನಿಮ್ಮ ಕಾಲನ್ನು ಎಂದೂ ಕಂಡಿಲ್ಲ. ಅದು ಕೈಯಲ್ಲಿ ವಾಸಿಸುವ ಪ್ರಾಣಿ. ಕಾಲಿನ ಸುದ್ದಿ ಅದಕ್ಕೆ ಪ್ರತ್ಯಕ್ಷವಲ್ಲ, ಬರೀ ಅನುಮಾನ, ಅಂದರೆ ಗುರುತು ಕಂಡು ಮಾಡುವ ಊಹೆ. ಒಳಗಿನ ಆಕ್ಸೆಲರೋಮೀಟರ್ ಎಂಬ ಸಿಲಿಕಾನ್ ಚೂರು ಮೂರು ದಿಕ್ಕಿನ ಕುಲುಕಾಟವನ್ನು ಸೆಕೆಂಡಿಗೆ ಹತ್ತಾರು ಸಲ ಬರೆದಿಡುತ್ತದೆ. ಸೆಕೆಂಡಿಗೆ ಎರಡರ ಆಸುಪಾಸಿನಲ್ಲಿ ಒಂದೇ ಲಯದ ಏರಿಳಿತ ಸಿಕ್ಕಿತೋ, ತೀರ್ಪು ಸಿದ್ಧ. ತರ್ಕಶಾಸ್ತ್ರದ ನೈಯಾಯಿಕರು ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಅನ್ನುತ್ತಿದ್ದರು. ಇದು ತೋಳು ತೂಗಿದ್ದು ಕಂಡು ಕಾಲು ನಡೆದಿದೆ ಅನ್ನುತ್ತದೆ.

ಆದ್ದರಿಂದ ಈ ಮತದಲ್ಲಿ ಹೆಜ್ಜೆಯ ಲಕ್ಷಣ: 'ಲಯಬದ್ಧವಾದ ತೋಳಿನ ಕುಲುಕಾಟವೇ ಹೆಜ್ಜೆ.' ಈ ಲಕ್ಷಣಕ್ಕೆ, ಸಲ್ಲದ್ದನ್ನೂ ಒಳಗೆ ಸೇರಿಸುವ ಅತಿವ್ಯಾಪ್ತಿ ದೋಷ ಒಲೆಯ ಮುಂದೆಯೇ ಅಂಟುತ್ತದೆ. ಚಪಾತಿ ಲಟ್ಟಿಸುವ ಗೃಹಿಣಿ ನಿಂತಲ್ಲೇ ನಡೆದಿರುತ್ತಾಳೆ. ಭಜನೆಯಲ್ಲಿ ತಾಳ ಹಾಕುವವರು ಕೂತಲ್ಲೇ ಪಂಢರಪುರದ ಕಡೆಗೆ ಹೊರಟಿರುತ್ತಾರೆ. ಸಲ್ಲಬೇಕಾದದ್ದನ್ನು ಹೊರಗೆ ಬಿಡುವ ಅವ್ಯಾಪ್ತಿಯೂ ಕಡಿಮೆಯೇನಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯ ಹಿಡಿಕೆ ಹಿಡಿದು ಅಡ್ಡಾಡುವಾತನ ತೋಳು ಅಲುಗದ ಕಾರಣ ಎಷ್ಟೋ ಹೆಜ್ಜೆ ಲೆಕ್ಕಕ್ಕೇ ಸೇರುವುದಿಲ್ಲ. ಹಲವು ಗಡಿಯಾರಗಳು ಒಂದಿಷ್ಟು ಹೆಜ್ಜೆ ಸತತವಾಗಿ ಬಿದ್ದ ಮೇಲಷ್ಟೇ ಎಣಿಕೆ ಶುರುಮಾಡುವುದರಿಂದ, ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ದೇವರಮನೆಗೆ ನಾಲ್ಕು ನಾಲ್ಕು ಹೆಜ್ಜೆಯಂತೆ ಇಡೀ ದಿನ ಓಡಾಡಿದ ಅಮ್ಮ ರಾತ್ರಿ ಸೋಮಾರಿ ಅನ್ನಿಸಿಕೊಳ್ಳುತ್ತಾಳೆ. (ಈ ದೋಷವನ್ನು ಮನೆಯ ಗಂಡಸರು ಗಡಿಯಾರ ಹುಟ್ಟುವ ಮೊದಲೇ ಮಾಡುತ್ತಿದ್ದರೆಂಬ ಆಕ್ಷೇಪವನ್ನು ಒಪ್ಪಬೇಕಾಗಿದೆ.) ಚೀನಾದಲ್ಲಿ ಮೊಬೈಲನ್ನು ತೊಟ್ಟಿಲಲ್ಲಿಟ್ಟು ತೂಗಿ ಹೆಜ್ಜೆ ಗಳಿಸಿಕೊಡುವ ಯಂತ್ರವೇ ಮಾರಾಟವಾಗುತ್ತದೆ. ನಡೆಯುವವರೇ ಇಲ್ಲದ ಈ ನಡಿಗೆ ಅತಿವ್ಯಾಪ್ತಿಯೋ, ಲಕ್ಷಣ ಎಲ್ಲಿಯೂ ಸಲ್ಲದ ಅಸಂಭವವೋ ಎಂಬಲ್ಲಿ ಪಂಡಿತರಿಗೆ ಇನ್ನೂ ಜಗಳವಿದೆ.

ಗಡಿಯಾರದ ಬೆನ್ನಿನ ಹಸಿರು ದೀಪದ್ದೂ ಅನುಮಾನವೇ. ರಕ್ತ ಹಸಿರು ಬೆಳಕನ್ನು ಹೀರುತ್ತದೆ; ಪ್ರತಿ ಬಡಿತಕ್ಕೆ ರಕ್ತ ನುಗ್ಗಿದಾಗ ಮರಳುವ ಬೆಳಕು ಕಮ್ಮಿಯಾಗುತ್ತದೆ; ಆ ಏರಿಳಿತವೇ ನಾಡಿ. ಟಾಯ್ಲೆಟ್ ಪೇಪರಿನ ಸುರುಳಿಗೆ ಪಟ್ಟಿ ಕಟ್ಟಿದರೂ ಕೆಲವು ಯಂತ್ರಗಳು ನಾಡಿ ತೋರಿಸಿದ್ದುಂಟು. ಸಕಲ ಚರಾಚರದಲ್ಲೂ ಜೀವವಿದೆಯೆಂಬ ಪಕ್ಷಕ್ಕೆ ಇಷ್ಟು ಗಟ್ಟಿ ಆಧಾರ ಹಿಂದೆ ಸಿಕ್ಕಿರಲಿಲ್ಲ.

ಈಗ ಮಹಾಸಂಖ್ಯೆ, 10,000. ಇದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಶಬ್ದಪ್ರಮಾಣ, ಅಂದರೆ ನಂಬತಕ್ಕ ಆಪ್ತರ ಮಾತು. ಹಾಗಾದರೆ ಆಪ್ತರು ಯಾರು? ಯಾವ ಋಷಿ, ಯಾವ ವೈದ್ಯ? ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಯಮಾಸಾ ಎಂಬ ಗಡಿಯಾರದ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ತಂದು 'ಮಾನ್ಪೊ-ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಸರಕಿನ ಹೆಸರು ಶ್ರುತಿಯಾಯಿತು. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಸುಮಾರು 17,000 ವಯಸ್ಸಾದ ಹೆಂಗಸರ ಲೆಕ್ಕ ಪ್ರಕಟಿಸಿದರು. ದಿನಕ್ಕೆ 2,700 ಹೆಜ್ಜೆ ಇಡುವವರಿಗಿಂತ 4,400 ಇಡುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು, ಸುಮಾರು 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ಸ್ಟ್ಯಾನ್‌ಫರ್ಡಿನವರು 111 ದೇಶಗಳ ಮೊಬೈಲುಗಳನ್ನು ಕೇಳಿ ನೋಡಿದ್ದರು: ಭಾರತದ ಸರಾಸರಿ ದಿನಕ್ಕೆ 4,297 ಹೆಜ್ಜೆ. ಫೋನನ್ನು ಮೇಜಿನ ಮೇಲಿಟ್ಟು ಬಟ್ಟೆ ಒಣಗಹಾಕಲು ಹೋದವರ ಹೆಜ್ಜೆ ಇದರಲ್ಲಿಲ್ಲವೆಂದು ಭಾಷ್ಯಕಾರನ ಟಿಪ್ಪಣಿ.

ಪೂರ್ವಪಕ್ಷ: ಹೀಗಾದರೆ ಈ ಯಂತ್ರ ವ್ಯರ್ಥವೇ? ಅಲ್ಲ. ಪಾರ್ಕಿನ್ಸನ್ ರೋಗಿಯ ಕೈ ಸುಮ್ಮನಿದ್ದಾಗಲೂ ಸೆಕೆಂಡಿಗೆ ನಾಲ್ಕರಿಂದ ಆರು ಸಲ ನಡುಗುತ್ತದೆ. ಹೆಜ್ಜೆ ಎಣಿಸುವವನಿಗೆ ಇದು ಗದ್ದಲ. ನರರೋಗ ತಜ್ಞರಿಗೆ ಅದೇ ಬೇಕು. ಅವರ ಮುಂದೆ ರೋಗಿ ಕೂರುವುದು ಹತ್ತು ನಿಮಿಷ, ಅದೂ ಮಾತ್ರೆ ನುಂಗಿ ಬಂದ ಹೊತ್ತಿನಲ್ಲಿ. ಗಡಿಯಾರ ಇಡೀ ದಿನ ಜೊತೆಗಿರುತ್ತದೆ. ಹೃದಯದ ವಿಷಯವೂ ಹಾಗೆಯೇ. ಅದರ ಲಯ ಹಿಡಿಯಲು 1940ರ ದಶಕದ ಕೊನೆಯಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಕಟ್ಟಿದ ಬೆನ್ನುಚೀಲ ಸುಮಾರು 38 ಕಿಲೊ ತೂಗುತ್ತಿತ್ತು. ಹೃದಯ ಗಟ್ಟಿ ಇದ್ದವರಷ್ಟೇ ಹೃದ್ರೋಗ ಪರೀಕ್ಷೆ ಮಾಡಿಸಿಕೊಳ್ಳಬಹುದಿತ್ತು! ಈಗ ಆ ಕೆಲಸ ಮಣಿಕಟ್ಟಿಗೆ ಬಂದಿದೆ: ಆಪಲ್ ಗಡಿಯಾರ ಕಟ್ಟಿದ 4,19,297 ಮಂದಿಯ ಅಧ್ಯಯನದಲ್ಲಿ ಲಯ ತಪ್ಪಿದೆಯೆಂಬ ಸೂಚನೆ ಬಂದದ್ದು ಶೇ. 0.52 ಜನರಿಗೆ ಮಾತ್ರ.

ಆದ್ದರಿಂದ ಸಿದ್ಧಾಂತ: ಗಡಿಯಾರದ ಅಂಕಿ ಸುಳ್ಳಿರಬಹುದು, ಆದರೆ ದಿನವೂ ಹೆಚ್ಚುಕಡಿಮೆ ಅಷ್ಟೇ ಸುಳ್ಳು. ಲಟ್ಟಣಿಗೆಯ ಹೆಜ್ಜೆ ನಿನ್ನೆಯೂ ಸೇರಿತ್ತು, ಇವತ್ತೂ ಸೇರಿದೆ. ಹಾಗಾಗಿ ನೋಡಬೇಕಾದದ್ದು ಹತ್ತು ಸಾವಿರ ಮುಟ್ಟಿತೇ ಎಂದಲ್ಲ, ಅದೇ ಮನುಷ್ಯರ ಕಳೆದ ತಿಂಗಳ ಅಂಕಿಗಿಂತ ಎಷ್ಟು ಇಳಿಯಿತೆಂದು. ಮುಪ್ಪಿನಲ್ಲಿ ನಡಿಗೆ ನಿಧಾನವಾಗುವುದು ಬೀಳುವ ಅಪಾಯದ ಮುನ್ಸೂಚನೆ ಎಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲರು.

ಡಲ್ಲಾಸಿನ ಓದುಗರಲ್ಲಿ ವಿನಂತಿ: ಅಂಕಿ ನಿಮ್ಮ ಫೋನಿಗೂ ಬರುತ್ತಿದೆ. ವಾರದಿಂದ ಇಳಿಯುತ್ತಿದ್ದರೆ ಇವತ್ತೇ ಕರೆ ಮಾಡಿ ಮಂಡಿ ನೋವು ಹೇಗಿದೆಯೆಂದು ಕೇಳಿ. ವಾಚು ಚಾರ್ಜಿಗೆ ಹಾಕಿದೆಯಾ ಎಂದು ಆಮೇಲೆ ಕೇಳಬಹುದು.