ರಿಸಲ್ಟಣ್ಣ

ಲೋಕಸಭೆಯ ಮತ ಎಣಿಕೆಯ ದಿನ ಹುಣಸೂರು ಕಡೆಯ ಕಟ್ಟೆಮಳಲವಾಡಿಯ ಟೀ ಅಂಗಡಿ ಮುಂದೆ, ಹೆಗಲ ಮೇಲೆ ಬಿಳಿ ಟವೆಲ್ಲು, ಕಂಕುಳಲ್ಲಿ ಪಟಾಕಿ ಸರದ ಪೊಟ್ಟಣ ಹಿಡಿದು ಒಬ್ಬ ನಿಂತಿದ್ದರೆ ಅವನೇ ರಿಸಲ್ಟಣ್ಣ. ಪಿರಿಯಾಪಟ್ಟಣದಲ್ಲೂ ಕೆ.ಆರ್. ನಗರದಲ್ಲೂ ಇವನ ಪ್ರತಿಗಳುಂಟು. ಪ್ರಚಾರದ ಜೀಪು ಹತ್ತಿದವನಲ್ಲ, ಯಾವ ಪಕ್ಷಕ್ಕೂ ಏಜೆಂಟಾಗಿ ಕೂತವನಲ್ಲ. ದೆಹಲಿಯಲ್ಲಿ ಯಾರೋ ಒಬ್ಬರು ಗದ್ದುಗೆ ಏರುವುದು ಖಾತ್ರಿಯಾದ ಗಳಿಗೆಗೆ ಇವನ ಹಬ್ಬ ಶುರು. 'ಈ ಸಲ ಏನಾರ ಒಂದು ಆಯ್ತದೆ ಬುಡಣ್ಣ' ಎಂದು ಸಿಕ್ಕವರಿಗೆಲ್ಲ ಟೀ ಕುಡಿಸುತ್ತಾನೆ. ಊರವರು ಗೆದ್ದೆತ್ತಿನ ಬಾಲ ಹಿಡಿಯೋನು ಎಂದು ಆಡಿಕೊಳ್ಳುತ್ತಾರೆ. ಈ ಆಪಾದನೆ ನಿಲ್ಲುವಂಥದ್ದಲ್ಲ.

ಬಾಲ ಹಿಡಿದವನಿಗೆ ಏನಾದರೂ ಗಿಟ್ಟಬೇಕು: ಚರಂಡಿ ಕಾಮಗಾರಿಯೋ, ಸೊಸೈಟಿಯಲ್ಲೊಂದು ಕುರ್ಚಿಯೋ, ಏನಿಲ್ಲವೆಂದರೆ ಫ್ಲೆಕ್ಸಿನ ಮೂಲೆಯಲ್ಲಿ ಸ್ಟಾಂಪಿನಷ್ಟು ಮುಖವೋ. ಇವನ ಹೆಸರು ಇರುವುದು ಟೀ ಅಂಗಡಿಯ ಸಾಲದ ಪುಸ್ತಕದಲ್ಲಿ ಮಾತ್ರ. ಮೇಲಾಗಿ 2024ರ ಜೂನ್ 4ರಂದು ಗೆದ್ದ ಎತ್ತು ಯಾವುದೆಂಬುದೇ ಇತ್ಯರ್ಥವಾಗಿರಲಿಲ್ಲ. ಬಹುಮತಕ್ಕೆ 272 ಬೇಕು. ಬಿಜೆಪಿಗೆ ಬಂದದ್ದು 240, ಮಿತ್ರರನ್ನು ಕೂಡಿಸಿದರೆ 293. 99 ಗೆದ್ದ ಕಾಂಗ್ರೆಸ್ಸಿನವರ ಮುಖದಲ್ಲೂ ಅವತ್ತು ಸೋತ ಕಳೆ ಇರಲಿಲ್ಲ. ನಮ್ಮ ಸೀಮೆಯದಂತೂ ಇನ್ನೂ ಚೆಂದ. ಹುಣಸೂರು, ಪಿರಿಯಾಪಟ್ಟಣ ಮೈಸೂರು ಕ್ಷೇತ್ರಕ್ಕೆ, ಕೆ.ಆರ್. ನಗರ ಮಂಡ್ಯಕ್ಕೆ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಮೈಸೂರಲ್ಲಿ ಬಿಜೆಪಿಯ ಯದುವೀರ್, ಮಂಡ್ಯದಲ್ಲಿ ಜೆಡಿಎಸ್‌ನ ಕುಮಾರಸ್ವಾಮಿ, ಚಾಮರಾಜನಗರದಲ್ಲಿ ಕಾಂಗ್ರೆಸ್ಸಿನ ಸುನಿಲ್ ಬೋಸ್ ಗೆದ್ದರು. ಹೆಣ್ಣು ತಂದದ್ದು ಕೆ.ಆರ್. ನಗರದಿಂದ, ಮಗಳನ್ನು ಕೊಟ್ಟದ್ದು ಕೋಟೆಗೆ ಎಂದಾದರೆ ಮೂರು ಕಡೆಯ ಬೀಗರ ಸಂತೋಷದಲ್ಲೂ ಭಾಗಿಯಾಗದೆ ವಿಧಿಯಿಲ್ಲ. ಪಟಾಕಿಯ ಮೇಲೆ ಯಾವ ಚಿಹ್ನೆಯೂ ಇರುವುದಿಲ್ಲವಾದ್ದರಿಂದ ಒಂದೇ ಸರದಲ್ಲಿ ಮೂರು ಪಕ್ಷಕ್ಕೂ ಸಂದಾಯ.

ಎಲ್ಲ ವರ್ಷವೂ ಇಷ್ಟು ಸಲೀಸಾಗಿರಲಿಲ್ಲ. 1977ರಲ್ಲಿ ತುರ್ತುಪರಿಸ್ಥಿತಿಯ ಸರ್ಕಾರ ಉರುಳಿ ಉತ್ತರದವರೆಲ್ಲ ಕುಣಿದರೆ, ಕರ್ನಾಟಕ ತನ್ನ 28ರಲ್ಲಿ 26 ಸ್ಥಾನವನ್ನು ಕಾಂಗ್ರೆಸ್ಸಿಗೇ ಕೊಟ್ಟು ಕೂತಿತ್ತು; ಮುಖ್ಯಮಂತ್ರಿ ಹುಣಸೂರಿನವರೇ ಆದ ದೇವರಾಜ ಅರಸು. ಗೆದ್ದದ್ದು ಇಲ್ಲಿ, ಸರ್ಕಾರ ಬೇರೆಯವರದು. ಅಂದಿನ ರಿಸಲ್ಟಣ್ಣ ಬೆಂಕಿಪೊಟ್ಟಣ ಹಿಡಿದು ಏನು ಮಾಡಿದನೋ, ಪಾಪ. ಆ ಬಾಕಿ ತೀರಿದ್ದು 1996ರಲ್ಲಿ. ಮೇ ತಿಂಗಳಲ್ಲಿ ವಾಜಪೇಯಿಯವರ ಸರ್ಕಾರ ಹದಿಮೂರು ದಿನಕ್ಕೆ ಮುಗಿದು, ಜೂನ್ 1ರಂದು ಪಕ್ಕದ ಹಾಸನ ಜಿಲ್ಲೆಯ ದೇವೇಗೌಡರು ಪ್ರಧಾನಿಯಾದರು. ರಾಗಿಮುದ್ದೆ ಉಂಡವರು ದೆಹಲಿ ಆಳುವುದೆಂದರೇನು! ಆ ಸರ್ಕಾರ ವರ್ಷ ತುಂಬುವ ಮೊದಲೇ ಬಿತ್ತು, ನಿಜ. ಆದರೆ ಆ ಜೂನ್‌ನ ಪಟಾಕಿ ಅಷ್ಟರಲ್ಲಿ ಸಿಡಿದು ಆಗಿತ್ತು.

ದೆಹಲಿಗೂ ಈ ಊರಿಗೂ ಏನು ಸಂಬಂಧ ಎನ್ನುವವರು ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಒಮ್ಮೆ ಹೋಗಿ ಬರಲಿ. ಹೊಗೆಸೊಪ್ಪು ಬೆಳೆಯಲು ಲೈಸೆನ್ಸ್ ಕೊಡುವುದು, ಎಷ್ಟು ಬೆಳೆಯಬೇಕೆಂದು ಗೊತ್ತುಮಾಡುವುದು, ಹರಾಜು ಕೂಗಿಸುವುದು ತಂಬಾಕು ಮಂಡಳಿ. ಅದು 1976ರಲ್ಲಿ ಶುರುವಾದದ್ದು. ಕಚೇರಿ ಆಂಧ್ರದ ಗುಂಟೂರಿನಲ್ಲಿ. ಮೇಲಿನ ಯಜಮಾನರು ಕೃಷಿ ಸಚಿವಾಲಯದವರೂ ಅಲ್ಲ, ಕೇಂದ್ರದ ವಾಣಿಜ್ಯ ಸಚಿವಾಲಯದವರು. ಸಿಗರೇಟಿನ ಮೇಲಿನ ತೆರಿಗೆಯೂ ದೆಹಲಿಯ ಕೈವಾಡವೇ. ಗ್ರಾಮ ಪಂಚಾಯಿತಿ ಗೆದ್ದವನಿಂದ ಬೀದಿದೀಪ ಬಂದೀತು, ಹೊಗೆಸೊಪ್ಪಿನ ಬೇಲುಗಳಿಗೆ ಬೆಲೆ ಬರುವುದಿಲ್ಲ. ಆ ಲೆಕ್ಕದಲ್ಲಿ ಪಂಚಾಯಿತಿ ಗೆಲುವಿಗೆ ಡೊಳ್ಳು ಬಾರಿಸುವವರಿಗಿಂತ ರಿಸಲ್ಟಣ್ಣನೇ ಬುದ್ಧಿವಂತ.

ಇಷ್ಟು ಸರ್ಕಾರ ನೋಡಿಯೂ ಬುದ್ಧಿ ಕಲಿಯಲಿಲ್ಲವಲ್ಲ ಎಂಬ ಆಕ್ಷೇಪಕ್ಕೆ ಮಾತ್ರ ತುಸು ತೂಕವಿದೆ. ಆದರೆ ತಿಂಗಳು ನೋಡಿ. 2004ರಿಂದ ಐದು ಲೋಕಸಭೆಗಳ ಫಲಿತಾಂಶವೂ ಬಂದದ್ದು ಮೇ–ಜೂನ್‌ನಲ್ಲೇ. ಆಗ ಮಡಿಯಿಂದ ಸಸಿ ಕಿತ್ತು ಹೊಲಕ್ಕೆ ನೆಡುವ ಹೊತ್ತು. ಗೊಬ್ಬರಕ್ಕೆ, ಆಳಿಗೆ, ಸೊಪ್ಪು ಹದಮಾಡುವ ಬ್ಯಾರನ್ನಿನ ಸೌದೆಗೆ ಸಾಲ ಎತ್ತಿ ಆಗಿದೆ, ಕೈಯಲ್ಲಿ ಕಾಸಿಲ್ಲ. ಬೆಲೆ ಗೊತ್ತಾಗುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹರಾಜು ಶುರುವಾದ ಮೇಲೆ. ಬೆಲೆ ಗೊತ್ತಿಲ್ಲದ ಬೆಳೆಗೆ ಸಾಲ ಮಾಡುವವನನ್ನು ಯಾರೂ ಹುಚ್ಚ ಎನ್ನುವುದಿಲ್ಲ, ಬ್ಯಾಂಕಿನವರೂ ಎನ್ನುವುದಿಲ್ಲ. ಅದೇ ನಂಬಿಕೆಯ ಮೇಲೆ ಇನ್ನೊಂದು ಪಟಾಕಿ ಸರ ತಂದರೆ ಮಾತ್ರ ನಗೆಪಾಟಲೇ? ಹಾಗೆಂದು ಅವನಲ್ಲಿ ತಪ್ಪೇ ಇಲ್ಲವೆಂದಲ್ಲ. ದನ ಕಟ್ಟಿದ ಜಾಗದ ಪಕ್ಕದಲ್ಲೇ ಸರ ಹಚ್ಚುತ್ತಾನೆ. ಅವತ್ತು ಸಂಜೆ ಹೆಂಡತಿ ಒಬ್ಬಳೇ ಸಸಿಗೆ ನೀರು ಹೊತ್ತಿರುತ್ತಾಳೆ.

ಅಕ್ಟೋಬರಿನಲ್ಲಿ ಬೇಲು ಅರ್ಧ ಬೆಲೆಗೆ ಹೋದ ಸಂಜೆ, ಎಲ್ಲಪ್ಪ ನಿನ್ನ ಸರ್ಕಾರ ಎಂದು ಕೆಣಕಿ ನೋಡಿ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಅಂದಾನು: 'ಇನ್ನೂ ನಾಲ್ಕು ವರ್ಷ ಎಂಟು ತಿಂಗಳು ಅದೆ ಕಣಣ್ಣ.'