ವಿಮಾಪ್ರಮಾಣ ಮೀಮಾಂಸೆ

ಕಣ್ಣಿಗೆ ಕಾಣದ ವಸ್ತು ಇದೆಯೆಂದು ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ದರ್ಶನಕಾರರು ತಲೆತಲಾಂತರದಿಂದ ತಲೆ ಕೆಡಿಸಿಕೊಂಡಿದ್ದಾರೆ. ಆತ್ಮ, ಸ್ವರ್ಗ, ಈಶ್ವರ ಎಂಬ ವಿಷಯಗಳಲ್ಲಿ ಆ ಜಗಳ ಈಗ ಹೆಚ್ಚುಕಡಿಮೆ ತಣ್ಣಗಾಗಿದೆ. ಹಾಗೆಂದು ವಾದಪರಂಪರೆಯೇ ನಿಂತುಹೋಯಿತೆಂದು ಯಾರೂ ಮರುಗಬೇಕಾಗಿಲ್ಲ. ಬೆಂಗಳೂರಿನ ಗೊರಗುಂಟೆಪಾಳ್ಯ, ಮೇಖ್ರಿ ಸರ್ಕಲ್, ಸಿಲ್ಕ್ ಬೋರ್ಡ್ ಮುಂತಾದ ಪೀಠಗಳಲ್ಲಿ, ಮರದ ನೆರಳಿದ್ದು ತಿರುವಿನಾಚೆಯಿಂದ ಕಾಣದಂಥ ಜಾಗ ನೋಡಿಕೊಂಡು, ಅದು ದಿನವೂ ನಡೆಯುತ್ತಿದೆ. ಒಬ್ಬ ವಾದಿ ಬೈಕಿನ ಮೇಲೆ ಒಂದು ಕಾಲು ಊರಿ ಕೂತಿರುತ್ತಾನೆ. ಇನ್ನೊಬ್ಬರು ಬಿಳಿ ಅಂಗಿ, ಖಾಕಿ ಪ್ಯಾಂಟು ತೊಟ್ಟು ನಿಂತಿರುತ್ತಾರೆ. ವಾದದ ವಿಷಯ ಒಂದೇ: ಈ ಗಾಡಿಗೆ ಇನ್ಶೂರೆನ್ಸ್ ಇದೆಯೋ, ಇಲ್ಲವೋ?

ವಿಮೆಯಷ್ಟು ಅತೀಂದ್ರಿಯವಾದ ಪದಾರ್ಥ ಬೈಕಿನಲ್ಲಿ ಇನ್ನೊಂದಿಲ್ಲ. ಟೈರು ಸವೆದದ್ದು ಕಾಣುತ್ತದೆ, ಚೈನು ಸಡಿಲವಾದದ್ದು ಕೇಳುತ್ತದೆ, ಪೆಟ್ರೋಲು ಸೋರಿದರೆ ಮೂಗಿಗೆ ಬಡಿಯುತ್ತದೆ, ಸೈಲೆನ್ಸರ್ ತಾಗಿದರೆ ಮೀನಖಂಡಕ್ಕೆ ಅರಿವಾಗುತ್ತದೆ. ವಿಮೆ ಮಾತ್ರ ಈ ಇಂದ್ರಿಯಗಳಲ್ಲಿ ಒಂದಕ್ಕೂ ಸಿಕ್ಕುವುದಿಲ್ಲ. ಮುಗಿದ ದಿನ ಮಧ್ಯರಾತ್ರಿ ಅದು ಗಾಡಿಯನ್ನು ಬಿಟ್ಟು ಹೋಗುವಾಗ ಸಣ್ಣ ಸದ್ದೂ ಆಗುವುದಿಲ್ಲ. ಮಾರನೆಯ ಬೆಳಿಗ್ಗೆ ಬೈಕು ಎಂದಿನಂತೆ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಇಂಥ ವಸ್ತುವನ್ನು ಯಾವ ಪ್ರಮಾಣದಿಂದ ಸಾಧಿಸಬೇಕು?

ಪ್ರತ್ಯಕ್ಷವೊಂದೇ ಪ್ರಮಾಣ ಎಂದವರು ಚಾರ್ವಾಕರು. ಈ ಪಂಥ ಅಳಿದು ಶತಮಾನಗಳಾದವೆಂದು ತತ್ತ್ವಶಾಸ್ತ್ರದ ಪುಸ್ತಕಗಳು ಹೇಳುವುದನ್ನು ತಿದ್ದಬೇಕಾಗಿದೆ. 2022ರ ಜೂನ್ ಕೊನೆಯಲ್ಲಿ ಕರ್ನಾಟಕದ ಅಂದಿನ ಪೊಲೀಸ್ ಮಹಾನಿರ್ದೇಶಕರು, ಬರಿಗಣ್ಣಿಗೆ ಕಾಣುವಂಥ ನಿಯಮ ಉಲ್ಲಂಘನೆ ಇಲ್ಲದಿದ್ದರೆ ಕೇವಲ ದಾಖಲೆ ನೋಡಲೆಂದು ಯಾವ ವಾಹನವನ್ನೂ ನಿಲ್ಲಿಸಕೂಡದು ಎಂದು ಸೂಚನೆ ಕೊಟ್ಟರು. ಚಾರ್ವಾಕ ಮತಕ್ಕೆ ಇಷ್ಟು ದೊಡ್ಡ ರಾಜಾಶ್ರಯ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ವಿಮೆ ಬರಿಗಣ್ಣಿಗೆ ಕಾಣುವುದಿಲ್ಲವಾದ್ದರಿಂದ ಅದರ ಅಭಾವವೂ ಕಾಣುವುದಿಲ್ಲ ಎಂದು ದ್ವಿಚಕ್ರಿಗಳು ನಿಟ್ಟುಸಿರು ಬಿಟ್ಟರು.

ಆದರೆ ಈ ಮತಕ್ಕೊಂದು ಹಿಂಬಾಗಿಲಿದೆ. ಬೋಳುತಲೆಯೋ ಜುಟ್ಟುತಲೆಯೋ, ಹೆಲ್ಮೆಟ್ ಇಲ್ಲದ ತಲೆ ಪ್ರತ್ಯಕ್ಷ. ಅದನ್ನು ನೋಡಿ ನಿಲ್ಲಿಸಿದ ಮೇಲೆ ಅಪ್ರತ್ಯಕ್ಷ ಲೋಕವೆಲ್ಲ ಸಾಲಾಗಿ ಹೊರಗೆ ಬರಬೇಕು: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್. ಆದ್ದರಿಂದ ಹೆಲ್ಮೆಟ್ ಕಾಪಾಡುವುದು ತಲೆಯನ್ನಲ್ಲ, ದಾಖಲೆಗಳನ್ನು ಎಂಬುದು ನಗರದ ಬಲ್ಲವರ ಮತ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ದಂಡ ಎಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು 500ಕ್ಕೆ ಇಳಿಸಿತು. ಆ 500 ರೂಪಾಯಿ ತಲೆಯ ಬೆಲೆಯಲ್ಲ, ಉಳಿದ ಕಾಗದಗಳ ಪ್ರವೇಶದರ ಎಂಬುದು ಅನುಭವಸ್ಥರಿಗೆ ಗೊತ್ತು.

ಇನ್ನು ಅನುಮಾನ. ತರ್ಕ ಓದಿದವರೆಲ್ಲ ಬೆಟ್ಟದ ಮೇಲಿನ ಹೊಗೆಯನ್ನು ನೋಡಿ ಬೆಂಕಿಯನ್ನು ಊಹಿಸುವುದರಿಂದಲೇ ಶುರುಮಾಡುತ್ತಾರೆ. ಬೆಟ್ಟ ಹುಡುಕಿಕೊಂಡು ಹೋಗುವ ಅಗತ್ಯ ನಮ್ಮಲ್ಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಶಾಸ್ತ್ರಕ್ಕೆ ಬೇಕಾದ ಹೊಗೆಯನ್ನು ನಾಡಿಗೆಲ್ಲ ಒದಗಿಸಿತು. ಯಮಹಾ ಆರ್‌ಎಕ್ಸ್ 100 ಕೂಡ ತನ್ನ ಪಾಲು ಸಲ್ಲಿಸಿತು. ಈ ಗಾಡಿಗಳು ಇಂದಿಗೂ ಭಕ್ತರ ಕೈಯಲ್ಲಿ ಜೀವಂತ ಇವೆ. ಅವುಗಳ ಎದುರು ನ್ಯಾಯದರ್ಶನದ ಪಂಚಾವಯವ ವಾಕ್ಯ ಹೀಗೆ ಹೊರಡುತ್ತದೆ. ಪ್ರತಿಜ್ಞೆ: "ಈ ಗಾಡೀಗೆ ಎಮಿಷನ್ ಇಲ್ಲ." ಹೇತು: "ಹೊಗೆ ನೋಡ್ರೀ." ಉದಾಹರಣೆ: "ಹೊಗೆ ಬಿಡೋ ಗಾಡೀಗೆ ಯಾವತ್ತು ಎಮಿಷನ್ ಇರುತ್ತೆ, ಆಗಲೇ ಹಿಡಿದ್ವಲ್ಲ ಆ ಆರ್‌ಎಕ್ಸ್ ಥರ." ಉಪನಯ: "ಇದೂ ಅದರಪ್ಪನೇ." ನಿಗಮನ: "ಸೈಡಿಗೆ ಹಾಕಿ."

ಎಮಿಷನ್ ಇಲ್ಲವೆಂದ ಮೇಲೆ ಇನ್ಶೂರೆನ್ಸ್ ಕೂಡ ಇರದೆಂಬುದು ಮುಂದಿನ ವ್ಯಾಪ್ತಿ. ಆಗ ಸವಾರ ಸೀಟಿನ ಕೆಳಗಿಂದ ಚಾಲ್ತಿಯಲ್ಲಿರುವ ಎಮಿಷನ್ ಪತ್ರವನ್ನು ತೆಗೆದು ಕೊಟ್ಟುಬಿಟ್ಟರೆ ಏನು ಗತಿ? ಹೊಗೆಯೂ ಇದೆ, ಹೊಗೆಯಿಲ್ಲವೆಂಬ ಪತ್ರವೂ ಇದೆ. ಹೇತ್ವಾಭಾಸಗಳನ್ನು ಅಷ್ಟು ಚೆನ್ನಾಗಿ ವಿಂಗಡಿಸಿದ ನ್ಯಾಯದರ್ಶನದ ಗೌತಮನೂ ಇಲ್ಲಿ ಸುಮ್ಮನಾಗುತ್ತಿದ್ದ.

ಶಬ್ದಪ್ರಮಾಣದ ಚರ್ಚೆ ಇದಕ್ಕಿಂತ ಸ್ವಾರಸ್ಯದ್ದು. ತಾನು ಕಂಡದ್ದನ್ನು ಕಂಡಹಾಗೆ ಇನ್ನೊಬ್ಬರಿಗೆ ತಿಳಿಸಬೇಕೆಂಬ ಬಯಕೆಯುಳ್ಳವನು ಆಪ್ತ, ಅವನ ಮಾತು ಪ್ರಮಾಣ ಎನ್ನುತ್ತಾರೆ ನೈಯಾಯಿಕರು. ಈ ಲಕ್ಷಣ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದು ಎದುರಿನಿಂದ ಬರುವ ಅಪರಿಚಿತ ಬೈಕ್ ಸವಾರನಿಗೆ. ಅವನು ಹೆಡ್‌ಲೈಟನ್ನು ಎರಡು ಸಲ ಮಿಟುಕಿಸಿ, ಎಡಗೈಯನ್ನು ತಲೆಯ ಮೇಲೆ ಸುತ್ತಿಸಿ, "ಮುಂದೆ ಹಿಡೀತಾವ್ರೆ" ಎಂದು ಹೇಳಿ ಹೋಗುತ್ತಾನೆ. ಅವನಿಗೆ ಇದರಿಂದ ಲಾಭವಿಲ್ಲ, ಹೆಸರಿಲ್ಲ, ಅವನ ಮುಖವೂ ನಮಗೆ ಕಾಣುವುದಿಲ್ಲ. ಇಷ್ಟು ನಿಷ್ಕಾಮವಾದ ಆಪ್ತವಾಕ್ಯ ಮಠಗಳಲ್ಲೂ ಅಪರೂಪ. ಆದರೆ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಹಗಲೂ ಉರಿಯುತ್ತಲೇ ಇರಬೇಕೆಂಬ ನಿಯಮ ಬಂದು ಈ ಪ್ರಮಾಣಕ್ಕೆ ದೊಡ್ಡ ಕುತ್ತು ಒದಗಿತು. ಎಲ್ಲರೂ ಸದಾ ದೀಪ ಹಚ್ಚಿಕೊಂಡಿರುವ ಲೋಕದಲ್ಲಿ ಎಚ್ಚರಿಕೆ ಯಾವುದು, ಸುಮ್ಮನೆ ಬೆಳಕು ಯಾವುದು?

ಆಪ್ತನ ಇನ್ನೊಂದು ಪ್ರಭೇದ ಫೋನಿನಲ್ಲಿ ಬರುತ್ತಾನೆ. "ಸಾರ್, ಒಂದ್ನಿಮಿಷ ಮಾತಾಡಿ, ನಮ್ ಚಿಕ್ಕಪ್ಪ" ಎಂದು ಮೊಬೈಲನ್ನು ಮುಂದಕ್ಕೆ ಚಾಚುವುದು ಈ ವಾಕ್ಯದ ರೂಢಿಯ ಪೀಠಿಕೆ. ಇದನ್ನು ಪ್ರಮಾಣವೆನ್ನುವವರೂ ಇದ್ದಾರೆ, ಅಲ್ಲವೆನ್ನುವವರೂ ಇದ್ದಾರೆ. ಚಿಕ್ಕಪ್ಪ ಯಾವ ಹುದ್ದೆಯಲ್ಲಿದ್ದಾರೆ ಎಂಬುದರ ಮೇಲೆ ಸಿದ್ಧಾಂತ ನಿಲ್ಲುತ್ತದೆ.

ಸವಾರನ ಸ್ವಂತ ವಾಕ್ಯ ಮಾತ್ರ ನಾಡಿನಾದ್ಯಂತ ಒಂದೇ: "ಇದೆ ಸಾರ್, ಮನೇಲಿದೆ." ಇದನ್ನು ಕೇಳಿ ನಗದ ಪೊಲೀಸರಿಲ್ಲ. ವಿಚಿತ್ರವೆಂದರೆ ಕಾನೂನು ನಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 158ನೇ ಕಲಂ ಪ್ರಕಾರ, ಕೇಳಿದಾಗ ವಿಮಾಪತ್ರ ತೋರಿಸಲಾಗದವನು ತಾನು ಹೆಸರಿಸಿದ ಠಾಣೆಯಲ್ಲಿ ಏಳು ದಿನದೊಳಗೆ ಅದನ್ನು ಹಾಜರುಪಡಿಸಿದರೆ, ತೋರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಅವನು ಅಪರಾಧಿಯಾಗುವುದಿಲ್ಲ. ಎಂದರೆ ಶಾಸನಕರ್ತರು "ಮನೇಲಿದೆ" ಎಂಬ ಮಾತನ್ನು ಒಂದು ವಾರದ ಮಟ್ಟಿಗೆ ನಂಬಿದ್ದಾರೆ. ರಸ್ತೆಬದಿಯ ವಾದದಲ್ಲಿ ಈ ಕಲಂ ಯಾರ ಬಾಯಲ್ಲೂ ಬರುವುದಿಲ್ಲ. ಸವಾರನಿಗೆ ಗೊತ್ತಿರುವುದಿಲ್ಲ, ಇನ್ನೊಬ್ಬರಿಗೆ ಅದನ್ನು ನೆನೆಯಲು ಬಿಡುವಿರುವುದಿಲ್ಲ.

ಜ್ಞಾನ ತಾನಾಗಿಯೇ ಪ್ರಮಾಣವೋ, ಇನ್ನೊಂದರ ಬೆಂಬಲದಿಂದ ಪ್ರಮಾಣವೋ ಎಂಬುದು ಮೀಮಾಂಸಕರಿಗೂ ನೈಯಾಯಿಕರಿಗೂ ಇದ್ದ ಹಳೆಯ ವ್ಯಾಜ್ಯ. 2018ರ ಆಗಸ್ಟಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದಕ್ಕೆ ಕೈಹಾಕಿತು. ಡಿಜಿಲಾಕರ್ ಮತ್ತು ಎಂಪರಿವಾಹನ್ ಆ್ಯಪಿನಲ್ಲಿರುವ ದಾಖಲೆ ಮೂಲಪತ್ರಕ್ಕೆ ಸಮ ಎಂದು ರಾಜ್ಯಗಳಿಗೆ ತಿಳಿಸಿತು. ಹೀಗೆ ಸ್ವತಃಪ್ರಾಮಾಣ್ಯವಾದ ಗೆದ್ದಿತೆಂದುಕೊಳ್ಳುವಷ್ಟರಲ್ಲಿ ಸವಾರರು ಭಾವ ವಾಟ್ಸಾಪಿನಲ್ಲಿ ಕಳಿಸಿದ ಫೋಟೊ, ಆ ಫೋಟೊದ ಸ್ಕ್ರೀನ್‌ಶಾಟ್, ಒಡೆದ ಗಾಜಿನ ಹಿಂದೆ ಅರ್ಧ ಕಾಣುವ ಪಾಲಿಸಿ ನಂಬರು ಇವನ್ನೆಲ್ಲ ತೋರಿಸತೊಡಗಿದರು. ಬ್ಯಾಟರಿ ಶೇಕಡ ಎರಡಕ್ಕೆ ಇಳಿದು, ಓಟಿಪಿ ಇನ್ನೂ ಬರಬೇಕಾಗಿರುವ ಸ್ಥಿತಿಯಲ್ಲಿ ವಿಮೆಯ ಸತ್ತ್ವವೇನು ಎಂಬುದಕ್ಕೆ ಉತ್ತರ ಕೊಡಬಲ್ಲವರು ಅದ್ವೈತಿಗಳು ಮಾತ್ರ. ಅವರ ಪ್ರಕಾರ ಅದು ಇದೆ ಎನ್ನಲೂ ಬಾರದು, ಇಲ್ಲ ಎನ್ನಲೂ ಬಾರದು.

ಉಪಮಾನ, ಅರ್ಥಾಪತ್ತಿಗಳಿಂದ ಈ ಕ್ಷೇತ್ರದಲ್ಲಿ ಹೇಳಿಕೊಳ್ಳುವಂಥ ಫಲವಿಲ್ಲ. ಅಭಾವದ ವಿಚಾರಕ್ಕೆ ಬರೋಣ, ಏಕೆಂದರೆ ಶಾಸ್ತ್ರದ ತಿರುಳು ಇರುವುದು ಅಲ್ಲಿ. ವಸ್ತು ಕಾಣದಿರುವುದರಿಂದಲೇ ಅದು ಇಲ್ಲವೆಂದು ತಿಳಿಯುವುದಕ್ಕೆ ಅನುಪಲಬ್ಧಿ ಎಂಬ ಬೇರೆ ಪ್ರಮಾಣ ಬೇಕು ಎಂದವನು ಕುಮಾರಿಲ ಭಟ್ಟ. ಬೇಡ ಎಂದವನು ಪ್ರಭಾಕರ. ಆ್ಯಪಿನಲ್ಲಿ ನಂಬರು ಹೊಡೆದು, ಇನ್ಶೂರೆನ್ಸ್ ಎಂಬ ಜಾಗ ಖಾಲಿ ಬಂದೊಡನೆ ಚಲನ್ ಬರೆಯುವ ಅಧಿಕಾರಿ ಭಾಟ್ಟಮತದವರು. "ಸರ್ವರ್ ಡೌನ್ ಇರ್ಬೇಕು ಸಾರ್, ಕಾಣ್ಸಲ್ಲ ಅಂದ್ರೆ ಇಲ್ಲ ಅಂತಲ್ಲ" ಎಂದು ವಾದಿಸುವ ಸವಾರ, ತನಗೆ ತಿಳಿಯದೆಯೇ, ಪ್ರಾಭಾಕರ.

ಅಭಾವಗಳು ನಾಲ್ಕು ಬಗೆ. ವಿಮೆಯಲ್ಲಿ ನಾಲ್ಕೂ ಸಿಕ್ಕುತ್ತವೆ. ಹುಟ್ಟುವ ಮೊದಲಿನ ಇಲ್ಲದಿರುವಿಕೆ ಪ್ರಾಗಭಾವ. ಪೊಲೀಸರು ಕೈ ಅಡ್ಡ ಹಾಕಿದ ಮೇಲೆ, ಪಾನ್ ಅಂಗಡಿಯ ಮರೆಗೆ ಸರಿದು, ಮೊಬೈಲಿನಲ್ಲಿ ಅವಸರವಸರವಾಗಿ ಪಾಲಿಸಿ ಕೊಳ್ಳುವವನ ಸ್ಥಿತಿ ಇದು. ಪಾಲಿಸಿಯ ಮೇಲೆ ಆರಂಭದ ದಿನಾಂಕದ ಜೊತೆ ವೇಳೆಯೂ ಅಚ್ಚಾಗಿರುತ್ತದೆಂಬುದು ಅವನಿಗೆ ಆಮೇಲೆ ಹೊಳೆಯುತ್ತದೆ. ಇದ್ದು ನಾಶವಾದದ್ದು ಪ್ರಧ್ವಂಸಾಭಾವ. ಇದಕ್ಕೆ ಬಲಿಯಾದವರೇ ಹೆಚ್ಚು, ಮತ್ತು ಅವರ ಮೇಲೆ ನನಗೆ ಕನಿಕರವಿದೆ. 2018ರ ಸೆಪ್ಟೆಂಬರ್ ಒಂದರಿಂದ, ಸುಪ್ರೀಂ ಕೋರ್ಟಿನ ಆದೇಶದಂತೆ, ಹೊಸ ಬೈಕಿಗೆ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಐದು ವರ್ಷಕ್ಕೆ ಮಾಡಿಸಬೇಕಾಯಿತು. ಸ್ವಂತ ಗಾಡಿಯ ಹಾನಿಗೆ ಕೊಡುವ ಭಾಗ ಮಾತ್ರ ಅನೇಕರ ಪಾಲಿಸಿಯಲ್ಲಿ ಒಂದೇ ವರ್ಷದ್ದು. ಒಂದೇ ಕಾಗದದ ಮೇಲೆ ಎರಡು ಆಯುಸ್ಸು. ಒಂದು ವರ್ಷದ್ದು ಮುಗಿದಾಗ ಎಲ್ಲವೂ ಮುಗಿಯಿತೆಂದು ಕೆಲವರು ಬೆವತರು. ಐದು ವರ್ಷ ಯೋಚನೆಯಿಲ್ಲವೆಂದು ಕಾಗದವನ್ನು ಬೀರುವಿನಲ್ಲಿಟ್ಟ ಉಳಿದವರು, ಆರನೆಯ ವರ್ಷವೂ ಅದೇ ನಿಶ್ಚಿಂತೆಯಲ್ಲಿ ಸಾಗಿದರು.

ಮೂರೂ ಕಾಲದಲ್ಲಿ ಇಲ್ಲದಿರುವುದು ಅತ್ಯಂತಾಭಾವ, ಮೊಲದ ಕೊಂಬಿನಂತೆ. ಹಳ್ಳಿಯ ಹಿತ್ತಲಲ್ಲಿ ಹುಲ್ಲು ಹೊರುವ, ನಂಬರ್ ಪ್ಲೇಟಿನ ಅಕ್ಷರ ಅಳಿಸಿಹೋದ ಟಿವಿಎಸ್ ಎಕ್ಸ್‌ಎಲ್‌ಗಳನ್ನು ಹೆಚ್ಚು ಕೆದಕುವುದು ಬೇಡ. ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. "ಪಾಲಿಸಿ ಸರಿಯಾಗಿದೆ, ಆದ್ರೆ ಇದು ಆ್ಯಕ್ಟಿವಾದು, ನೀವ್ ಬಂದಿರೋದು ಪಲ್ಸರ್‌ನಲ್ಲಿ" ಎಂದಾಗ ಸಿದ್ಧವಾಗುವುದು ಇದೇ. ಕಾಯ್ದೆಯ 196ನೇ ಕಲಂ ಮಾತ್ರ ಇಷ್ಟು ಸೂಕ್ಷ್ಮಕ್ಕೆ ಹೋಗುವುದಿಲ್ಲ. ಅಭಾವ ಯಾವುದಾದರೂ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿದರೆ 4,000, ಜೊತೆಗೆ ಮೂರು ತಿಂಗಳವರೆಗಿನ ಸೆರೆಯ ಸಾಧ್ಯತೆ. 75ರಿಂದ 150 ಸಿಸಿವರೆಗಿನ ಬೈಕಿಗೆ, ಎಂದರೆ ಊರಿನ ಸ್ಪ್ಲೆಂಡರ್, ಆ್ಯಕ್ಟಿವಾಗಳಿಗೆ, 2022ರ ಜೂನ್‌ನಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ತಿಂಗಳಿಗೆ ಸುಮಾರು ಅರವತ್ತು ರೂಪಾಯಿ. ಇಷ್ಟು ಅಗ್ಗದ ಭಾವಕ್ಕೆ ಬದಲು ಇಷ್ಟು ದುಬಾರಿಯ ಅಭಾವವನ್ನು ಜನ ಏಕೆ ಆರಿಸಿಕೊಳ್ಳುತ್ತಾರೆಂಬುದು ದರ್ಶನಗಳ ವ್ಯಾಪ್ತಿಗೆ ಮೀರಿದ್ದು.

ಈ ವಾದದಲ್ಲಿ ಮೂರನೆಯವನೊಬ್ಬನಿದ್ದಾನೆಂದು ಕೆಲವರು ಆಕ್ಷೇಪಿಸಬಹುದು. ಥರ್ಡ್ ಪಾರ್ಟಿ ಎಂಬ ಹೆಸರು ಅವನದೇ. ಸೊಪ್ಪಿನ ಗಾಡಿ ತಳ್ಳಿಕೊಂಡು ರಸ್ತೆ ದಾಟುವಾಗ ಬೈಕು ಗುದ್ದಿ ಕಾಲು ಮುರಿದುಕೊಂಡವನು. ಬೈಕಿಗೆ ವಿಮೆಯಿದ್ದರೆ ಅಪಘಾತ ಪರಿಹಾರ ನ್ಯಾಯಮಂಡಳಿ ಹೇಳಿದ ಹಣವನ್ನು ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಮಾಲೀಕ ಕೊಡಬೇಕು. ಅವನಲ್ಲಿ ಇಲ್ಲದಿದ್ದರೆ ಕಾಲು ಮುರಿದವನು ವರ್ಷಗಟ್ಟಲೆ ಕೋರ್ಟಿಗೆ ಕುಂಟಿಕೊಂಡು ಬರಬೇಕು. ಆದರೆ ವಾದ ನಡೆಯುವ ಮರದಡಿಗೆ ಅವನನ್ನು ಯಾರೂ ಕರೆದದ್ದಿಲ್ಲ. ಸವಾರನಿಗೆ ಪತ್ರ ಬೇಕಿರುವುದು ಪೊಲೀಸರಿಗೆ ತೋರಿಸಲು, ಪೊಲೀಸರಿಗೆ ಬೇಕಿರುವುದು ನೋಡಲು. ಆದ್ದರಿಂದ ಅವನ ವಿಷಯವನ್ನು ಗ್ರಂಥವಿಸ್ತಾರದ ಭಯದಿಂದ ಇಲ್ಲಿಗೆ ಬಿಟ್ಟಿದೆ.

ಇನ್ನು ಕರ್ಮಫಲ. ಯಜ್ಞ ಇಂದು ಮಾಡಿದರೆ ಸ್ವರ್ಗ ಎಂದೋ ಸಿಗುತ್ತದೆ. ನಡುವಿನ ಕಾಲದಲ್ಲಿ ಆ ಫಲ ಎಲ್ಲಿರುತ್ತದೆ? ಅಪೂರ್ವವೆಂಬ ಕಾಣದ ಶಕ್ತಿಯಾಗಿ ಇರುತ್ತದೆ ಎಂದರು ಮೀಮಾಂಸಕರು. ಎಷ್ಟೋ ತಲೆಮಾರು ಇದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಜಿಗಿದವರನ್ನು ಹಿಡಿಯುವ 80 ಕ್ಯಾಮೆರಾ ಹಾಕಿದ ಮೇಲೆ ಅಪೂರ್ವ ಸರ್ವರ್ ರೂಪದಲ್ಲಿ ಪ್ರಕಟವಾಯಿತು. ಕರ್ಮ ಜಂಕ್ಷನ್ನಿನಲ್ಲಿ, ಫಲ ಎಸ್ಸೆಮ್ಮೆಸ್ಸಿನಲ್ಲಿ. ಮಾಡಿದವನೇ ಉಣ್ಣಬೇಕೆಂಬ ಹಳೆಯ ನಿಯಮವೊಂದು ಮಾತ್ರ ಸಡಿಲವಾಗಿದೆ. ಮಗ ಮೂವರನ್ನು ಕೂರಿಸಿಕೊಂಡು ಹೋಗುತ್ತಾನೆ, ಆರ್‌ಸಿ ಅಪ್ಪನ ಹೆಸರಿನಲ್ಲಿರುತ್ತದೆ. ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವನಿಗಂತೂ ಪೂರ್ವಜನ್ಮ ಇದೆಯೆಂದು ಯಾರೂ ಬೋಧಿಸಬೇಕಾಗಿಲ್ಲ. ನಂಬರು ಹಾಕಿ ನೋಡಿದರೆ ತಾನು ಎಂದೂ ಕಾಣದ ಸಿಗ್ನಲ್ಲುಗಳಲ್ಲಿ ಮಾಡದ ಪಾಪಗಳು ಫೋಟೊ ಸಮೇತ ಬರುತ್ತವೆ.

ಪಾಪವಿದ್ದಲ್ಲಿ ಪ್ರಾಯಶ್ಚಿತ್ತ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಸಾರಿದಾಗ ಸಂಚಾರ ಠಾಣೆಗಳ ಮುಂದೆ, ಬೆಂಗಳೂರು ಒನ್ ಕೇಂದ್ರಗಳಲ್ಲಿ ಸಾಲು ನಿಂತಿತು. ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿ ಮೀರಿ ಹಣ ಬಂತು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ಪರ್ವಕಾಲ. ಈ ಎರಡು ಪರ್ವಗಳ ನಡುವೆ ಒಂದು ಹೊಸ ದರ್ಶನವೇ ಹುಟ್ಟಿದೆ. ಅದಕ್ಕೆ ಪ್ರತೀಕ್ಷಾವಾದ ಎಂದು ಹೆಸರಿಡಬಹುದು. ದಂಡ ಬಿದ್ದ ಕೂಡಲೇ ಪೂರ್ತಿ ಕಟ್ಟುವವನು ಅವಿದ್ಯಾವಂತ, ಕಾದವನಿಗೆ ಅರ್ಧ ಮೋಕ್ಷ ಎಂಬುದು ಅದರ ಮೂಲತತ್ತ್ವ. ಕಾಯುವಾಗ ಹೊಸ ಪಾಪ ಸೇರಿ ಹಳೆಯ ಅರ್ಧವನ್ನು ತುಂಬಿಬಿಡುವುದಿಲ್ಲವೇ ಎಂದು ಕೇಳಿದರೆ, ಈ ಪಂಥದವರು ಹೊಸದಕ್ಕೂ ಅರ್ಧವೇ ಅಲ್ಲವೇ ಎನ್ನುತ್ತಾರೆ.

ಈ ಪಂಥದವನೊಬ್ಬ ರಿಯಾಯಿತಿಯ ಕೊನೆಯ ಸಂಜೆ ಠಾಣೆಯ ಕಿಟಕಿಯಲ್ಲಿ ಬಾಕಿಯನ್ನೆಲ್ಲ ಕಟ್ಟಿ, ರಸೀದಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಬಗ್ಗಿ ಕೇಳುತ್ತಾನೆ: "ಸಾರ್, ಮುಂದಿನ ಡಿಸ್ಕೌಂಟ್ ಯಾವಾಗ?"

ಒಳಗಿದ್ದವರು ಅವನ ಹೆಗಲಾಚೆ ಗೇಟಿನ ಹೊರಗೆ ನಿಂತ ಬೈಕನ್ನು ನೋಡುತ್ತಾರೆ. "ಹಿಂದೆ ಕೂತಿರೋರು ನಿಮ್ ಮನೆಯೋರಾ? ಅವರ ಹೆಲ್ಮೆಟ್ ಎಲ್ರೀ?"