ಮೇಲೊಂದು ಕೋಟ್ ಸುಣ್ಣ

ರಾಯಚೂರು ಬಿಸಿಲ ನಾಡು. ಇಲ್ಲೂ ಗೋಡೆಗೆ ಬೂಷ್ಟು ಹಿಡಿಯುತ್ತದಾ ಎಂದು ಕೇಳಬೇಡಿ. ಬಿಸಿಲು ಹೊರಗಿದೆ. ಒಳಗೆ ಕೂಲರ್ ಇದೆ.

ಕೂಲರ್ ಹಚ್ಚಿದರೆ ಹಸಿ ಗಾಳಿ ಹೊರಹೋಗಲು ಒಂದು ಕಿಟಕಿ ತೆರೆದಿರಬೇಕು. ತೆರೆದರೆ ತಂಪು ಓಡಿಹೋಗುತ್ತದಂತೆ! ಟ್ಯಾಂಕಿನಲ್ಲಿ ವಾರದ ಹಳೇ ನೀರು, ಅದರ ಮೇಲೆ ಕೊಳೆತ ಹುಲ್ಲು. ಆ ಗಾಳಿಯನ್ನು ಮಗುವಿನ ಮುಖಕ್ಕೇ ತಿರುಗಿಸುತ್ತೇವೆ. ಮಗು ರಾತ್ರಿಯಿಡೀ ಕೆಮ್ಮಿದರೆ ಬೈಗುಳ ಐಸ್‌ಕ್ರೀಮಿಗೆ.

ಮಳೆಗಾಲದಲ್ಲಿ ದೇವದುರ್ಗದ ಮಾಳಿಗೆ ಮನೆ ಮೇಲಿಂದ ಸೋರುತ್ತದೆ. ಮಾನ್ವಿಯಲ್ಲಿ ಕಾಲುವೆ ನೀರಿನ ಗದ್ದೆಗೆ ಅಂಟಿದ ಮನೆಗೆ ತಳಪಾಯದಿಂದಲೇ ಹಸಿ ಏರುತ್ತದೆ. ರಾಯಚೂರಿನ ಬಾಡಿಗೆ ಮನೆಗೆ ಇವೆರಡರ ಜೊತೆ ಮಾಲೀಕನೂ ಇದ್ದಾನೆ. "ಬಾಡಿಗೆ ಕಮ್ಮಿ ಐತಲ್ರೀ, ಇನ್ನೇನ್ ಬೇಕು?" ನೀವು ಮನೆ ಬಿಟ್ಟ ಮರುದಿನವೇ ಡಿಸ್ಟೆಂಪರ್. ಗೋಡೆ ಬೆಳ್ಳಗಾಯಿತು, ಅಡ್ವಾನ್ಸ್ ಹೆಚ್ಚಾಯಿತು.

ಸರ್ಕಾರವೇನು ಕಡಿಮೆಯೇ? ಸಾಹೇಬರು ಬರುತ್ತಾರೆಂದರೆ ಹಾಸ್ಟೆಲ್ಲಿಗೆ ಸುಣ್ಣ. ಸೋರುವುದು ತಾರಸಿ. ಏಣಿ ಹತ್ತುವ ಸಾಹೇಬ ಇನ್ನೂ ಹುಟ್ಟಿಲ್ಲ.

ಹಸಿ, ಬೂಷ್ಟು ಇರುವ ಮನೆಯಲ್ಲಿ ಉಬ್ಬಸ, ಅಲರ್ಜಿ, ಶ್ವಾಸದ ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೃಷ್ಣೆ, ತುಂಗಭದ್ರೆ ನಮ್ಮ ಹಳ್ಳಿಗಳಿಗೆ ನುಗ್ಗಿದವು. ಬಿದ್ದ ಗೋಡೆಗೆ ಪಂಚನಾಮೆ ಆಯಿತು. ನೀರು ಕುಡಿದು ನಿಂತ ಗೋಡೆಯನ್ನು ಯಾರು ಕೇಳಬೇಕು?

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಕೂಸು 2020ರಲ್ಲಿ ಸತ್ತಿತು. ಕಾರಣ ಮನೆಯ ಬೂಷ್ಟು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅಪ್ಪ ದೂರು ಕೊಟ್ಟಾಗ ಸಿಕ್ಕ ಉತ್ತರ: ಮೇಲೆ ಬಣ್ಣ ಹೊಡಿ. 2023ರಲ್ಲಿ ಅಲ್ಲಿ ಆ ಮಗುವಿನ ಹೆಸರಲ್ಲೇ ಕಾನೂನು ಬಂತು. ನಾವು ಇನ್ನೂ ಬಣ್ಣದಲ್ಲೇ ಇದ್ದೇವೆ.

ಮದ್ದೇನು ಬ್ರಹ್ಮವಿದ್ಯೆಯಲ್ಲ. ಮೊದಲು ಸೋರುವುದು ನಿಲ್ಲಬೇಕು. ನೆನೆದದ್ದು ಒಂದೆರಡು ದಿನದೊಳಗೆ ಒಣಗಬೇಕು, ಒಣಗದ ಹಾಸಿಗೆ ಮನೆಯಿಂದಾಚೆ ಹೋಗಬೇಕು. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ ಸೋಪಿನ ನೀರಲ್ಲಿ ಉಜ್ಜಿ, ಒಣಗಿಸಿ. ಬಣ್ಣ ಆಮೇಲೆ. ಲೋಬಾನದ ಹೊಗೆಗೆ ಬೂಷ್ಟು ಹೆದರುವುದಿಲ್ಲ, ಉಬ್ಬಸವಿದ್ದವರು ಹೆದರಬೇಕು. ಅಡುಗೆಮನೆ, ಬಚ್ಚಲಿನ ಕಿಟಕಿ ತೆರೆಯಿರಿ. ರಾಯಚೂರಿನಲ್ಲಿ ಪುಕ್ಕಟೆ ಸಿಗುವುದು ಬಿಸಿಲೊಂದೇ, ಅದಕ್ಕೂ ಪರದೆ ಎಳೆದು ಕೂತಿದ್ದೇವೆ.

ಮಾಲೀಕರೇ, ಸಾಹೇಬರೇ, ಈ ಸಲ ಪೇಂಟರ್‌ಗೆ ಫೋನ್ ಮಾಡುವ ಮುಂಚೆ ಗೌಂಡಿಯನ್ನು ತಾರಸಿ ಹತ್ತಿಸಿ.